ತುರ್ತು ಮನೋಚಿಕಿತ್ಸಾ ಕೇಂದ್ರವನ್ನು ಯಾರ ಕೈಗೆ ಒಪ್ಪಿಸಬೇಕು?

ಕಾಲು ಮುರಿದವನನ್ನು ಎಲ್ಲಿಗೆ ಒಯ್ಯಬೇಕೆಂಬುದನ್ನು ಶಾಲೆಯ ಬಾಲಕನೂ ಬಲ್ಲನು. ಆದರೆ ನಡುರಾತ್ರಿಯಲ್ಲಿ ಮನೆಯವರೊಬ್ಬರ ಚಿತ್ತ ಕದಡಿ, ಬದುಕೇ ಬೇಡವೆಂಬ ಸ್ಥಿತಿ ಬಂದೊದಗಿದರೆ ಯಾರ ಬಾಗಿಲನ್ನು ತಟ್ಟಬೇಕು? ಅಮೇರಿಕಾ ಸಂಯುಕ್ತ ಸಂಸ್ಥಾನದಲ್ಲಿ ಬಹುಕಾಲ ಇದಕ್ಕೆ ದೊರೆಯುತ್ತಿದ್ದ ಉತ್ತರಗಳು ಎರಡು: ಆಸ್ಪತ್ರೆಯ ತುರ್ತು ವಿಭಾಗ, ಇಲ್ಲವೆ ಸೆರೆಮನೆ. ಎರಡೂ ಅಂಥವನಿಗೆ ತಕ್ಕ ಸ್ಥಳಗಳಲ್ಲ. ಆದುದರಿಂದ ಅಲ್ಲಿಯ ಕೆಲವು ಕೌಂಟಿಗಳು, ಎಂದರೆ ನಮ್ಮ ಜಿಲ್ಲೆಗಳಂತಹ ಆಡಳಿತ ವಿಭಾಗಗಳು, ಸಾರ್ವಜನಿಕರ ಹಣದಿಂದ ಪ್ರತ್ಯೇಕ ಕೇಂದ್ರಗಳನ್ನು ಏರ್ಪಡಿಸಿ, ಅವುಗಳನ್ನು ನಡೆಸುವ ಹೊಣೆಯನ್ನು ಸಂಸ್ಥೆಗಳಿಗೆ ವಹಿಸಿಕೊಡುತ್ತಿವೆ.

ಈ ಆಯ್ಕೆ ಎಷ್ಟು ಮಹತ್ವದ್ದೆಂಬುದು ಅರಿಜೋನಾ ಪ್ರಾಂತದ ಟೂಸಾನ್ ನಗರದ ಕೇಂದ್ರದಿಂದ ತಿಳಿದುಬರುತ್ತದೆ. ಮತದಾರರು ಒಪ್ಪಿದ ಸಾರ್ವಜನಿಕ ಸಾಲದಿಂದ ಕಟ್ಟಿದ ಆ ಕೇಂದ್ರವು 2011ರಲ್ಲಿ ಆರಂಭವಾಯಿತು. ಕಟ್ಟಡವೇನೋ ಭವ್ಯವಾಗಿತ್ತು; ಆದರೆ ಒಳಗೆ ಬಂದ ರೋಗಿಯು ವೈದ್ಯರ ಮುಖ ಕಾಣಲು ಸುಮಾರು ಎಂಟು ಗಂಟೆ ಕಾಯಬೇಕಾಗಿತ್ತು. ಜನ ತುಂಬಿದಾಗ ಬಾಗಿಲನ್ನೇ ಮುಚ್ಚಲಾಗುತ್ತಿತ್ತು. 2014ರಲ್ಲಿ ಆಡಳಿತವು ಬೇರೊಂದು ಸಂಸ್ಥೆಯ ಕೈಗೆ ಬಂದಿತು. ಕಟ್ಟಡ ಅದೇ, ಊರು ಅದೇ. ಕಾಯುವ ಕಾಲ ಮಾತ್ರ ಎರಡು ಗಂಟೆಗಿಂತ ಕಡಿಮೆಗೆ ಇಳಿಯಿತು. ಮೋಟಾರು ಕಾರ್ಖಾನೆಗಳಲ್ಲಿ ವ್ಯರ್ಥ ಶ್ರಮವನ್ನು ತೊಲಗಿಸಲು ರೂಢಿಸಿಕೊಂಡ ಕ್ರಮವನ್ನೇ ಅವರು ಇಲ್ಲಿ ಅನುಸರಿಸಿದರೆಂಬುದು ವಿನೋದದ ಸಂಗತಿ. ಪೋಲೀಸರು ಕರೆತಂದವರನ್ನು ಹತ್ತೇ ನಿಮಿಷದೊಳಗೆ ವಶಕ್ಕೆ ತೆಗೆದುಕೊಳ್ಳುವುದು ಅಲ್ಲಿಯ ಪದ್ಧತಿ. ಇದು ಸಣ್ಣ ಮಾತಲ್ಲ. ಬಾಗಿಲಲ್ಲಿ ಗಂಟೆಗಟ್ಟಲೆ ಕಾದ ಪೋಲೀಸಿನವನು ಮರುಸಲ ರೋಗಿಯನ್ನು ನೇರವಾಗಿ ಸೆರೆಮನೆಗೇ ಒಯ್ದಾನು!

ವಾಷಿಂಗ್ಟನ್ ಪ್ರಾಂತದಲ್ಲಿ ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯ ಜನರು 2023ರ ಏಪ್ರಿಲಿನಲ್ಲಿ ಒಂಬತ್ತು ವರ್ಷಗಳ ತೆರಿಗೆಯೊಂದಕ್ಕೆ ಮತವಿತ್ತರು. ಉದ್ದೇಶ ಐದು ಕೇಂದ್ರಗಳು. ಅವುಗಳಲ್ಲೊಂದು ಎಳೆಯರಿಗೆ ಮೀಸಲು. ಕೇಂದ್ರವನ್ನು ನಡೆಸುವವರು ಹಗಲಿರುಳೂ ಬಾಗಿಲು ತೆರೆದಿರಬೇಕು. ಹಣ ತೆರಲಾರೆನೆಂದವನನ್ನು ಹೊರಗೆ ಕಳುಹಬಾರದು. 23 ಗಂಟೆಗಳವರೆಗಿನ ನಿಗಾವಣೆಗೂ 14 ದಿನಗಳವರೆಗಿನ ವಾಸಕ್ಕೂ ಏರ್ಪಾಡಿರಬೇಕು. ಮೊದಲನೆಯದಾಗಿ ಆರಿಸಲ್ಪಟ್ಟುದು ಕರ್ಕ್‌ಲಂಡ್ ಊರಿನ ಕೇಂದ್ರ. ಅದನ್ನು ನಡೆಸುವುದು ಟೂಸಾನಿನಲ್ಲಿ ಕಾರ್ಯ ಕೈಗೊಂಡ ಸಂಸ್ಥೆಯೇ.

ಇಂತಹ ಆಯ್ಕೆಯಲ್ಲಿ ರಸ್ತೆಯ ಕಂತ್ರಾಟಿನಂತೆ ಕಡಿಮೆ ದರ ಕೂಗಿದವರಿಗೆ ಕೆಲಸ ಕೊಡುವುದು ಅಪಾಯಕರವೆಂದು ನನ್ನ ಅಭಿಪ್ರಾಯ. ಕುಡಿದು ಬಂದವನನ್ನು, ಕೂಗಾಡುವವನನ್ನು, ಮನೆಮಠವಿಲ್ಲದವನನ್ನು ಹಿಂದಕ್ಕಟ್ಟಿದರೆ ಖರ್ಚು ತಾನಾಗಿಯೇ ಇಳಿಯುತ್ತದೆ. ಲೆಕ್ಕಪತ್ರವೂ ಚೆಂದವಾಗಿ ಕಾಣುತ್ತದೆ. ಆದುದರಿಂದ ಅರ್ಜಿ ಹಾಕಿದವರನ್ನು ಮೊದಲು ಕೇಳಬೇಕಾದುದು ಇದು: "ನೀವು ಈಗ ನಡೆಸುತ್ತಿರುವ ಕಡೆ ಕಳೆದ ತಿಂಗಳು ಎಷ್ಟು ಮಂದಿಯನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಿದಿರಿ? ಒಳಗೆ ಬಂದು ಹೋದವರು ಈಗ ಎಲ್ಲಿದ್ದಾರೆ?" ಎರಡನೆಯದಕ್ಕೆ ಉತ್ತರವಿಲ್ಲದವರು ಎಷ್ಟು ಅಗ್ಗಕ್ಕೆ ಬಂದರೂ ಬೇಡ.

ರೋಗಿಯ ಭಾಷೆ ಬಲ್ಲವರು ಅಲ್ಲಿದ್ದಾರೆಯೆ ಎಂಬುದನ್ನೂ ಕೇಳಬೇಕು. ಇದರ ಬೆಲೆ ಗಡಿಯಾಚೆಯ ನಮಗೆ ಚೆನ್ನಾಗಿ ಗೊತ್ತು. ಕಚೇರಿಯ ಅರ್ಜಿಯನ್ನು ಪರಭಾಷೆಯಲ್ಲಿ ಬರೆದೇವು. ಎದೆಯ ಭಯವನ್ನು ಹಾಗೆ ಹೇಳಲಾಗುವುದಿಲ್ಲ. ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಸರಕಾರಿ ದೂರವಾಣಿ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಅದರ ಸಂಖ್ಯೆ 14416. ಹಗಲಿರುಳೂ ಉಚಿತ. ತಂದೆತಾಯಿಗಳು ಅದನ್ನು ಮಕ್ಕಳ ಕಣ್ಣಿಗೆ ಬೀಳುವಲ್ಲಿ ಬರೆದಿಡಲಿ.