ಸಾವಿರ ರೂಪಾಯಿಯೊಳಗೆ ಫಿಲ್ಟರ್ ಕಾಫಿ: ನಮ್ಮ ನೀರಿಗೆ ತಕ್ಕ ಹಾಗೆ

2001ರ ಫೆಬ್ರವರಿ 28ರಂದು ಚಿನ್ನದ ಗಣಿ ನಿಂತ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ದಿನಚರಿಯನ್ನು ರೈಲಿನ ವೇಳೆಯೇ ನಡೆಸುತ್ತಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್‌ನಲ್ಲಿ ಹತ್ತಿದವರು ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ನಸುಕಿನಲ್ಲೇ ಮನೆ ಬಿಡುವವರಿಗೆ ಮನೆಯ ಕಾಫಿಯೇ ಗತಿ. ಅದು ಚೆನ್ನಾಗಿರಬೇಕು, ಕೈಗೂ ಎಟುಕಬೇಕು. ಸಾವಿರ ರೂಪಾಯಿ ಇಟ್ಟುಕೊಂಡು ಹೊರಟರೆ ಸ್ವಲ್ಪ ಉಳಿಯುತ್ತದೆ. ಆದರೆ ಬೇರೆ ಊರಿನವರ ಕಾಫಿ ಪಾಠವನ್ನು ಇಲ್ಲಿ ಹಾಗೇ ಒಪ್ಪಿಸಿದರೆ ರುಚಿ ಕೈಕೊಡುತ್ತದೆ. ಇಲ್ಲಿನ ನೀರೇ ಬೇರೆ. ಪಾತ್ರೆ ಅಂಗಡಿಗೆ ಹೋಗುವ ಮೊದಲು ಅದನ್ನು ನೋಡಬೇಕು.

ಮೊದಲು ನೀರು

ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆ ಗಣಿ ಊರಿಗೆ ನೀರು ಕೊಟ್ಟ ಕೆರೆ. ಇಂದು ತಾಲ್ಲೂಕಿನ ಬಹುಪಾಲು ಮನೆಗಳಿಗೆ ಕೊಳವೆಬಾವಿಯ ನೀರೂ ಬರುತ್ತದೆ. ಅದು ಗಡಸು ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪಕಳೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೀರಿ. ಆ ನೀರಿನಲ್ಲಿರುವ ಬೈಕಾರ್ಬನೇಟ್ ಕಾಫಿಯ ನವಿರಾದ ಹುಳಿಯನ್ನು ಕೊಂದುಬಿಡುತ್ತದೆ. ಎಷ್ಟು ದುಬಾರಿ ಪುಡಿ ಹಾಕಿದರೂ ಡಿಕಾಕ್ಷನ್ ಸಪ್ಪೆ.

ನೀರನ್ನು ಕುದಿಸಿ, ತಣಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಗಡಸುತನ ತಕ್ಕಮಟ್ಟಿಗೆ ಇಳಿಯುತ್ತದೆ. ಆದರೆ ಕೋಲಾರ ಜಿಲ್ಲೆಯಲ್ಲಿ ಇಷ್ಟಕ್ಕೇ ನಿಲ್ಲುವ ಹಾಗಿಲ್ಲ. ಇಲ್ಲಿನ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಹಾಗಾಗಿ ಕಾಫಿಗೂ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ. ಮೂರು ಜನರ ಕಾಫಿಗೆ ಅದು ಅರ್ಧ ಲೋಟವೂ ಬೇಡ. ಟೀ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುವ ಗಿಡ; ಕಾಫಿಯಲ್ಲಿ ಆ ತೊಂದರೆ ತೀರಾ ಕಡಿಮೆ. ನಮ್ಮ ಕಡೆಯವರಿಗೆ ಕಾಫಿಯೇ ಮೇಲೆನ್ನಲು ನನಗೆ ಇದೂ ಒಂದು ಕಾರಣ.

ಘಟಕದ ನೀರಿಗೂ ಒಂದು ಗುಣವಿದೆ. ಖನಿಜಾಂಶ ಬಹಳ ಕಡಿಮೆ ಇರುವುದರಿಂದ ಅದರಲ್ಲಿ ಕಾಫಿಯ ಹುಳಿ ಎದ್ದು ಕಾಣುತ್ತದೆ, ಮೈ ತೆಳುವಾಗುತ್ತದೆ. ಇದಕ್ಕೆ ಪರಿಹಾರ ಪುಡಿಯ ಆಯ್ಕೆಯಲ್ಲಿದೆ.

ಪುಡಿ

ಅರೇಬಿಕಾ ಒಂದನ್ನೇ ಕೇಳಬೇಡಿ. ಅರೇಬಿಕಾ ಪರಿಮಳ ಕೊಡುತ್ತದೆ, ರೊಬಸ್ಟಾ ಕಸುವು ಮತ್ತು ನೊರೆ ಕೊಡುತ್ತದೆ. ಕೆಫೀನ್ ರೊಬಸ್ಟಾದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಘಟಕದ ನೀರು, ಹಾಲು ಹಾಕಿದ ಕಾಫಿ ಎಂದಾದರೆ ಮೂರು ಪಾಲು ಅರೇಬಿಕಾಗೆ ಒಂದು ಪಾಲು ರೊಬಸ್ಟಾ, ಹುರಿತ ಮಧ್ಯಮಕ್ಕಿಂತ ಒಂದಿಷ್ಟು ಮುಂದೆ. ‘ಪ್ಲಾಂಟೇಶನ್’ ಎಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಅರೇಬಿಕಾ. ‘ಚೆರಿ’ ಎಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಹಾಲಿನ ಕಾಫಿಗೆ ಚೆರಿ ಬೆರೆಸಿದರೆ ಯಾವ ನಷ್ಟವೂ ಇಲ್ಲ.

ಚಿಕೋರಿ ಬೇಕೇ ಬೇಡವೇ ಎಂಬ ವಾದ ಮನೆಮನೆಯಲ್ಲೂ ಇದೆ. ಅದು ಹುರಿದು ಪುಡಿ ಮಾಡಿದ ಬೇರು. ಬಣ್ಣ, ಮಂದತನ ಕೊಡುತ್ತದೆ, ಕೆಫೀನ್ ಇಲ್ಲ. ನೂರಕ್ಕೆ 15ರಿಂದ 20 ಸಾಕು. ಪ್ಯಾಕೆಟ್ಟಿನಲ್ಲಿ ಚಿಕೋರಿ 49ರವರೆಗೆ ಇರಲು ಕಾನೂನು ಬಿಡುತ್ತದೆ, ಪ್ರಮಾಣವನ್ನು ಅಚ್ಚು ಹಾಕಲೇಬೇಕು. ಆ ಸಾಲನ್ನು ಓದದೆ ಕೊಳ್ಳಬೇಡಿ: ಅರ್ಧದಷ್ಟು ಬೇರಿಗೆ ಕಾಫಿಯ ಬೆಲೆ ತೆರುವುದು ಬಡ ಮನೆಗೆ ಅನ್ಯಾಯ.

ಕಣ್ಣೆದುರೇ ಬೀಸಿಕೊಡುವ ಅಂಗಡಿಯಿದ್ದರೆ ಅಲ್ಲೇ ಕೊಳ್ಳಿ. ಬೆಂಗಳೂರಿಗೆ ದಿನಾ ಹೋಗಿಬರುವವರಿಗೆ ಇದು ಸುಲಭ. ಪುಡಿ ಚಿರೋಟಿ ರವೆಗಿಂತ ನುಣ್ಣಗೆ, ಮೈದಾಗಿಂತ ತರಿ ಇರಬೇಕು. ಒಮ್ಮೆಗೆ 200 ಗ್ರಾಂ ಮೀರದಿರಲಿ. ಬೀಸಿದ ಪುಡಿಯ ಘಮ ಎರಡು ವಾರಕ್ಕೇ ಇಳಿಮುಖ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಒಲೆಯಿಂದ ದೂರ ಇಡಿ.

ಫಿಲ್ಟರು

ಎರಡು ಅಂತಸ್ತಿನ ಸ್ಟೀಲ್ ಫಿಲ್ಟರ್, ಮೂರು ಜನಕ್ಕಾಗುವ ಚಿಕ್ಕದು. ಅಂಗಡಿಯಿಂದ ಅಂಗಡಿಗೆ ಬೆಲೆ ಬೇರೆಯಾದರೂ ಮುನ್ನೂರು–ನಾನೂರರ ಆಸುಪಾಸಿನಲ್ಲಿ ಸಿಗುತ್ತದೆ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ: ತೂತುಗಳು ಸಣ್ಣಗೆ, ಒಂದೇ ಸಮ ಇರಬೇಕು. ದೊಡ್ಡ ಫಿಲ್ಟರಿನಲ್ಲಿ ಸ್ವಲ್ಪ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಸರ್ರನೆ ಇಳಿದುಬಿಡುತ್ತದೆ, ಆದ್ದರಿಂದ ನೆಂಟರ ಲೆಕ್ಕ ಹಾಕಿ ದೊಡ್ಡದು ಕೊಳ್ಳುವುದು ಬೇಡ. ಹಿತ್ತಾಳೆಯದು ಅಂದ, ಬೆಲೆಯೂ ಹೆಚ್ಚು, ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸವೂ ಹೆಚ್ಚು. ಈ ತಿಂಗಳು ಅಷ್ಟೂ ಆಗದಿದ್ದರೆ ಮಲೆನಾಡಿನ ಹಳೆಯ ರೂಢಿ ಇದೆ: ಕುದಿಯುವ ನೀರಿಗೆ ಪುಡಿ ಹಾಕಿ, ಒಲೆ ಆರಿಸಿ, ನಾಲ್ಕು ನಿಮಿಷ ಮುಚ್ಚಿಟ್ಟು ಶುಭ್ರವಾದ ಹತ್ತಿ ಬಟ್ಟೆಯಲ್ಲಿ ಸೋಸುವುದು. ಖರ್ಚು ಬಟ್ಟೆಯದು ಮಾತ್ರ.

ಇಳಿಸುವ ಕ್ರಮ

ಮೂರು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ಪುಡಿಯನ್ನು ಮೇಲಿನ ಪಾತ್ರೆಗೆ ಹಾಕಿ ಮಟ್ಟ ಮಾಡಿ. ಹಿಡಿಯಿರುವ ತೂತಿನ ಬಿಲ್ಲೆಯನ್ನು ಹಗುರವಾಗಿ ಕೂರಿಸಿ, ಅದುಮಬೇಡಿ. ಕುದಿದ ನೀರನ್ನು ಅರ್ಧ ನಿಮಿಷ ಆರಿಸಿ ಹಾಕಿ ಎಂದು ಅನೇಕರು ಹೇಳುತ್ತಾರೆ. ಕೆ.ಜಿ.ಎಫ್. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಆರಿಸುವ ಅಗತ್ಯವಿಲ್ಲ, ನೇರ ಹಾಕಿ. ಮೊದಲು ಪುಡಿ ನೆನೆಯುವಷ್ಟು, ಅರ್ಧ ನಿಮಿಷದ ನಂತರ ಉಳಿದದ್ದು, ಒಟ್ಟು 120 ಮಿಲಿಲೀಟರ್. ಮುಚ್ಚಿಡಿ. ಪುಡಿ 40 ಮಿಲಿಲೀಟರ್‌ನಷ್ಟು ಹೀರಿಕೊಂಡು 80ರಷ್ಟನ್ನು ಕೆಳಗಿಳಿಸುತ್ತದೆ. ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯಬೇಕು. ಐದೇ ನಿಮಿಷದಲ್ಲಿ ಇಳಿದರೆ ಪುಡಿ ತರಿಯಾಗಿದೆ. ಇಳಿಯುವುದೇ ನಿಂತರೆ ಚಮಚದಿಂದ ಕೆದಕಬೇಡಿ. ಕೆಳಪಾತ್ರೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲಿನದನ್ನು ಒಂದು ಕ್ಷಣ ಎತ್ತಿ ಮತ್ತೆ ಕೂರಿಸಿ.

ಬೆಳಗಿನ ರೈಲಿನವರು ರಾತ್ರಿ ಊಟವಾದ ಮೇಲೆ ಇಳಿಯಲು ಇಟ್ಟರೆ ಸಾಕು, ಎದ್ದಾಗ ಡಿಕಾಕ್ಷನ್ ಸಿದ್ಧವಿರುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿಗೆ ಸೇರಿಸಿ. ಅದನ್ನು ಒಲೆಯ ಮೇಲೆ ಮಾತ್ರ ಇಡಬೇಡಿ, ಕುದಿದ ಡಿಕಾಕ್ಷನ್ ಬರೀ ಕಹಿ. ಆಗಷ್ಟೇ ಉಕ್ಕಿದ ಹಾಲನ್ನು ಅದರ ಮೇಲೆ ಸುರಿದರೆ ಬೇಕಾದ ಬಿಸಿ ತಾನೇ ಬರುತ್ತದೆ. ಹಾಲಿನ ವಿಷಯದಲ್ಲಿ ಜಿಲ್ಲೆ ಪುಣ್ಯ ಮಾಡಿದೆ: ಹಳ್ಳಿ ಹಳ್ಳಿಯಲ್ಲೂ ಡೇರಿ ಇದೆ. ಒಂದು ಪಾಲು ಡಿಕಾಕ್ಷನ್‌ಗೆ ಮೂರು ಪಾಲು ಹಾಲು, ನೀರು ಬೆರೆಸದೆ. ಹಾಲನ್ನು ಮತ್ತೆ ಮತ್ತೆ ಕಾಯಿಸಿದರೆ ಕಾಫಿಗೆ ಬೆಂದ ವಾಸನೆ ಬರುತ್ತದೆ.

ಪುಡಿ ಕಿಲೋಗೆ 800 ರೂಪಾಯಿ ಎಂದುಕೊಂಡರೆ 20 ಗ್ರಾಮಿಗೆ 16 ರೂಪಾಯಿ. ಮೂರು ಲೋಟಕ್ಕೆ ಹಂಚಿದರೆ ತಲಾ ಐದೂಚಿಲ್ಲರೆ, ಹಾಲು ಸಕ್ಕರೆ ಬೇರೆ. ಚರಟಕ್ಕೆ ಮತ್ತೆ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆಯುವುದು ಉಳಿತಾಯವೇ ಹೌದು. ಆದರೆ ಅದನ್ನು ಒಂಟಿಯಾಗಿ ಕುಡಿಯದೆ ಮೊದಲಿನದರ ಜೊತೆ ಬೆರೆಸಿ.

ಫಿಲ್ಟರನ್ನು ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆಯಿರಿ. ತಿಂಗಳಿಗೊಮ್ಮೆ ತೂತಿನ ಭಾಗವನ್ನು ಗ್ಯಾಸ್ ಉರಿಗೆ ಹಿಡಿದರೆ ಸಿಕ್ಕಿಕೊಂಡ ಎಣ್ಣೆ, ಪುಡಿ ಸುಟ್ಟುಹೋಗುತ್ತದೆ. ಬಿಳಿ ಪಕಳೆ ಕಟ್ಟಿದ್ದರೆ ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ.

ಮುಂದೆ ಕೈಯಲ್ಲಿ ಸ್ವಲ್ಪ ಹಣ ಆಡಿದಾಗ ಯಂತ್ರ, ನೊರೆ ಕಡ್ಡಿಗಳಿಗೆ ಹಾಕಬೇಡಿ. ಕೈಯಲ್ಲಿ ತಿರುಗಿಸುವ ಚಿಕ್ಕ ಕಾಫಿ ಗ್ರೈಂಡರ್ ಕೊಳ್ಳಿ. ಹುರಿದ ಬೀಜ ಒಂದು ತಿಂಗಳು ಘಮ ಹಿಡಿದಿಡುತ್ತದೆ. ಚಿಕೋರಿಯನ್ನು ಪುಡಿಯಾಗಿಯೇ ಬೇರೆ ತಂದು, ಬೀಜ ಬೀಸಿದ ಮೇಲೆ ಬೇಕಾದಷ್ಟು ಕಲೆಸಿಕೊಳ್ಳಿ.