ಲೈಟು ಉರಿಯುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಪವರ್‌ಲೂಮ್ ಇದ್ದರೆ ಇದನ್ನು ನೀವು ನೋಡಿಯೇ ಇರುತ್ತೀರಿ. ಓಡುತ್ತಿದ್ದ ಮಗ್ಗ ಥಟ್ಟನೆ ನಿಂತರೆ ನೇಯುವವರು ಮೋಟರಿನ ಕಡೆ ಓಡುವುದಿಲ್ಲ. ಮೊದಲು ಎಳೆ ಎಲ್ಲಿ ಹರಿದಿದೆ ಅಂತ ನೋಡುತ್ತಾರೆ. ಹಾಸು ಸರಿ ಇದೆಯಾ? ಹೊಕ್ಕು ಸರಿ ಇದೆಯಾ? ಎರಡೂ ಸರಿ ಇದ್ದರೆ ಆಮೇಲೆ ಪಟ್ಟಾ, ಕೊನೆಗೆ ಮೋಟರ್. ನಿಂತ ಮಗ್ಗಕ್ಕೆಲ್ಲ ಹೊಸ ಮೋಟರ್ ಹಾಕಿಸುತ್ತ ಹೋಗಿದ್ದರೆ ಇಚಲಕರಂಜಿಯಲ್ಲಿ ಇಷ್ಟು ಹೊತ್ತಿಗೆ ಒಂದು ಮಗ್ಗವೂ ಉಳಿಯುತ್ತಿರಲಿಲ್ಲ!

ಆದರೆ ಕಾರು ನಿಂತಾಗ ನಾವು ಈ ಬುದ್ಧಿ ಮರೆತುಬಿಡುತ್ತೇವೆ. ನಮ್ಮ ಯಡ್ರಾವದ ಓಣಿಯಲ್ಲಿ ನಡೆದದ್ದನ್ನೇ ಹೇಳುತ್ತೇನೆ, ಕೇಳಿ.

ಓಣಿಯ ಹಿರಿಯರೊಬ್ಬರ ಬಳಿ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಬಾನೆಟ್ ಮೇಲೆ ಏನೇ ಬರೆದಿರಲಿ, ನಮ್ಮ ಕಡೆ ಅದಕ್ಕೆ ಫಿಯಾಟ್ ಅಂತಲೇ ಹೆಸರು. ಹಾಗೆ ಕರೆಯುವುದು ತಪ್ಪೂ ಅಲ್ಲ. ಇಟಲಿಯ ಫಿಯಾಟ್ 1100ಡಿ ಕಾರನ್ನೇ ಮುಂಬೈಯ ಕುರ್ಲಾದಲ್ಲಿ 1964ರಿಂದ ತಯಾರಿಸುತ್ತಿದ್ದರು. ಪದ್ಮಿನಿ ಎಂಬ ಹೆಸರು ಬಂದದ್ದು 1970ರ ದಶಕದಲ್ಲಿ. ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಕಟ್ಟಿದವರು ವಾಲಚಂದ ಹಿರಾಚಂದ. ಅವರು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಹುಟ್ಟಿದವರು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಒಂದು ಕಾಲದಲ್ಲಿ ಹೆಚ್ಚಾಗಿ ಇದೇ ಕಾರು ಆಗಿದ್ದವು. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿನ ರಸ್ತೆ ಬಿಟ್ಟದ್ದು 2023ರ ಅಕ್ಟೋಬರ್‌ನಲ್ಲಿ. 1089 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, 12 ವೋಲ್ಟ್ ಬ್ಯಾಟರಿ. ಒಳಗೆ ಕಂಪ್ಯೂಟರ್ ಇಲ್ಲ. ಬಾನೆಟ್ ಎತ್ತಿದರೆ ಯಾವ ವೈರು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಅದಕ್ಕೇ ವಿಜ್ಞಾನ ಕಲಿಯುವವರಿಗೆ ಹೊಸ ಕಾರಿಗಿಂತ ಇದು ಒಳ್ಳೆಯ ಪುಸ್ತಕ.

ಈ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಾಯಿತು. ಸೆಲ್ಫ್ ಕೊಟ್ಟರೆ 'ಟಕ್' ಅನ್ನುತ್ತಿತ್ತು, ಇಲ್ಲವೆ ಮುದುಕರ ಹಾಗೆ ನರಳಿ ನಿಲ್ಲುತ್ತಿತ್ತು. "ಬ್ಯಾಟ್ರಿ ಹೋಗೈತ್ರಿ" ಅಂದರು. ಹೊಸ ಬ್ಯಾಟರಿ ಬಂತು. ಕೆಲವು ದಿನ ಸರಿ ಹೋಯಿತು, ಮತ್ತೆ ಅದೇ ಕಥೆ. ಎಂಟು ತಿಂಗಳಲ್ಲಿ ಎರಡನೆಯ ಬ್ಯಾಟರಿಯೂ ಬಂತು. ಅದರ ಮೇಲೆ ಸೆಲ್ಫ್ ಮೋಟರನ್ನೂ ಬಿಚ್ಚಿಸಿ ರಿಪೇರಿ ಮಾಡಿಸಿದರು. ಕಡೆಗೆ ಅಜ್ಜನಿಗೆ ಬೇಸರ ಬಂದು, "ಭಂಗಾರಕ್ಕ ಹಾಕಿಬಿಡೋಣು" ಅಂದರು. (ಗಡಿಯಾಚೆಯ ಓದುಗರಿಗೆ ಒಂದು ಮಾತು: ಮರಾಠಿಯ ಭಂಗಾರ ಅಂದರೆ ಗುಜರಿ. ಒಂದು ಮಹಾಪ್ರಾಣ ಬಿಟ್ಟರೆ ಬೆಲೆ ಎಷ್ಟು ಏರುತ್ತದೆ ನೋಡಿ!) ಗುಜರಿಯವನು ಬಂದು ದರವನ್ನೂ ಹೇಳಿಹೋಗಿದ್ದ.

ಆಗ ಬಂದ ಇನ್ನೊಬ್ಬ ಮಿಸ್ತ್ರಿ ಕೈಯಲ್ಲಿ ಪಾನಾ ಹಿಡಿಯಲೇ ಇಲ್ಲ. ಮೊದಲು ಪ್ರಶ್ನೆ ಕೇಳಿದರು: "ಇದು ಯಾವಾಗಿಂದ ಶುರುವಾತ್ರಿ? ಅದಕ್ಕಿಂತ ಮೊದಲ ಗಾಡಿದು ಏನ್ ಕೆಲಸ ಮಾಡಿಸಿದ್ರಿ?" ಕ್ಲಚ್ ಪ್ಲೇಟ್ ಹಾಕಿಸಲು ಎಂಜಿನ್ ಇಳಿಸಿದ್ದರು, ಅದಾದ ಸ್ವಲ್ಪ ದಿನಕ್ಕೆ ಇದು ಶುರುವಾಯಿತು ಅಂತ ತಿಳಿಯಿತು. ಮಿಸ್ತ್ರಿ ತಲೆ ಅಲ್ಲಾಡಿಸಿ, ಹೆಡ್‌ಲೈಟ್ ಹಚ್ಚಿ ಸೆಲ್ಫ್ ಕೊಡಿರಿ ಅಂದರು.

ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಆದರೂ ಇದು ಬಹಳ ಹೇಳುತ್ತದೆ. ಸೆಲ್ಫ್ ಕೊಟ್ಟಾಗ ಲೈಟು ಪೂರ್ತಿ ಮಂಕಾದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಇಲ್ಲವೆ ಬ್ಯಾಟರಿಯ ಟರ್ಮಿನಲ್ ಹಿಡಿತ ಬಿಟ್ಟಿದೆ. ಲೈಟು ಒಂದಿಷ್ಟೂ ಕುಗ್ಗದೆ, ಸದ್ದೂ ಬರದಿದ್ದರೆ ಸೆಲ್ಫಿಗೆ ಕರೆಂಟೇ ಮುಟ್ಟುತ್ತಿಲ್ಲ. ಇಲ್ಲಿ ಆದದ್ದು ಮೂರನೆಯದು: ಸೆಲ್ಫ್ ನರಳಿತು, ಲೈಟು ಮಾತ್ರ ಸ್ವಲ್ಪವೇ ಕುಗ್ಗಿ ಚೆನ್ನಾಗಿಯೇ ಉರಿಯಿತು. ಅಂದರೆ ಬ್ಯಾಟರಿ ನಿರಪರಾಧಿ. ಶಕ್ತಿ ನಡುದಾರಿಯಲ್ಲಿ ಎಲ್ಲೋ ಸೋರುತ್ತಿದೆ.

ಎಲ್ಲಿ? ಅದಕ್ಕೆ ಕರೆಂಟಿನ ದಾರಿ ತಿಳಿದಿರಬೇಕು. ಮನೆಯ ಹಾಗೆ ಕಾರಿನಲ್ಲಿ ಪ್ರತಿ ಬಲ್ಬಿಗೂ ಎರಡೆರಡು ವೈರು ಎಳೆಯುವುದಿಲ್ಲ. ಬ್ಯಾಟರಿಯ ಒಂದು ತುದಿಯನ್ನು ಕಾರಿನ ಬಾಡಿಗೇ ಕಟ್ಟಿರುತ್ತಾರೆ. ಪದ್ಮಿನಿಯಲ್ಲಿ ಅದು ಋಣ ತುದಿ. (ಹಳೆಯ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಧನ ತುದಿಯನ್ನು ಕಟ್ಟುತ್ತಿದ್ದರು, ನೋಡದೆ ಕೈ ಹಾಕಿದರೆ ಫಜೀತಿ.) ಲೈಟಿನ ಕರೆಂಟು ಬಾಡಿಯ ತಗಡಿನ ಮೂಲಕವೇ ವಾಪಸ್ ಬರುತ್ತದೆ. ಸೆಲ್ಫ್ ಮೋಟರ್ ಇರುವುದು ಎಂಜಿನ್ನಿನ ಮೇಲೆ. ಎಂಜಿನ್ ಕೂತಿರುವುದು ಅಲುಗಾಟ ತಡೆಯುವ ರಬ್ಬರ್ ಗಟ್ಟಿಗಳ ಮೇಲೆ. ರಬ್ಬರ್ ವಿದ್ಯುತ್ ನಿರೋಧಕ! ಹಾಗಾದರೆ ಎಂಜಿನ್ನಿನಿಂದ ಕರೆಂಟು ಬಾಡಿಗೆ ಬರುವುದು ಹೇಗೆ? ಅದಕ್ಕಾಗಿಯೇ ತಾಮ್ರದ ತಂತಿ ಹೆಣೆದ ಒಂದು ದಪ್ಪ ಪಟ್ಟಿ ಇರುತ್ತದೆ. ಅದಕ್ಕೆ ಅರ್ಥಿಂಗ್ ಪಟ್ಟಿ ಅನ್ನುತ್ತಾರೆ. ಎಂಜಿನ್ ಇಳಿಸುವಾಗ ಅದನ್ನು ಬಿಚ್ಚಲೇಬೇಕು. ವಾಪಸ್ ಬಿಗಿಯುವಾಗ ತುಕ್ಕು, ಪೇಂಟು, ಗ್ರೀಸ್ ಒರೆಸದೆ ಹಾಗೇ ಬಿಗಿದರೆ?

ಮೀಟರ್ ಏನು ಹೇಳಿತು ನೋಡಿ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಇದೊಂದೇ ಅಂಕಿ ನಂಬುವ ಹಾಗಿಲ್ಲ, ಭಾರ ಎಳೆಯುವಾಗ ನೋಡಬೇಕು. ಸೆಲ್ಫ್ ಕೊಟ್ಟಾಗ 11.6, ಇದೂ ಚೆನ್ನಾಗಿದೆ. ಆಮೇಲೆ ಮಿಸ್ತ್ರಿ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿದರು. ಎರಡೂ ಒಂದೇ ಲೋಹದ ದಾರಿ, ನಡುವೆ ಸೊನ್ನೆಯ ಹತ್ತಿರ ಇರಬೇಕು. ಸೆಲ್ಫ್ ಕೊಟ್ಟಾಗ ಮೀಟರ್ 5 ವೋಲ್ಟ್ ತೋರಿಸಿತು.

ಈಗ ಓಮನ ನಿಯಮ ತೆಗೆಯಿರಿ. ಸೆಲ್ಫ್ ಮೋಟರ್ ಎಳೆಯುವ ಕರೆಂಟು ಲೆಕ್ಕಕ್ಕೆ 100 ಆಂಪಿಯರ್ ಅಂತ ಇಟ್ಟುಕೊಳ್ಳಿ. ರೋಧ ಎಷ್ಟಾಯಿತು? 5 ಭಾಗಿಸು 100, ಅಂದರೆ 0.05 ಓಮ್. ಇಷ್ಟು ಸಣ್ಣ ರೋಧವನ್ನು ಪರೀಕ್ಷೆಯಲ್ಲಿ ನಾವು 'ಉಪೇಕ್ಷಿಸಿ' ಅಂತ ಬರೆದುಬಿಡುತ್ತೇವೆ! ಅದೇ ಪಟ್ಟಿಯ ಮೂಲಕ 45 ವ್ಯಾಟ್ ಹೆಡ್‌ಲೈಟಿನ ಕರೆಂಟು ಹರಿದಿದ್ದರೂ ನಷ್ಟ ಬಲು ಕಡಿಮೆ. 45 ಭಾಗಿಸು 12, ಅಂದರೆ 3.75 ಆಂಪಿಯರ್. ಅದನ್ನು 0.05ರಿಂದ ಗುಣಿಸಿದರೆ 0.19 ವೋಲ್ಟ್, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸೆಲ್ಫಿಗಾದರೋ 11.6ರಲ್ಲಿ 5 ಹೋಗಿ ಉಳಿದದ್ದು 6.6 ವೋಲ್ಟ್. ಪಾಪ, ಅರ್ಧ ಹೊಟ್ಟೆಯಲ್ಲಿ ಕೆಲಸ. ದೋಷ ಒಂದೇ, ಆದರೆ ಕರೆಂಟು ಹೆಚ್ಚಾದ ಕಡೆ ಮಾತ್ರ ಅದು ಮುಖ ತೋರಿಸುತ್ತದೆ. 'ಲೈಟು ಉರಿಯುತ್ತದೆ, ಹಾರ್ನ್ ಬರುತ್ತದೆ, ವೈರಿಂಗ್ ಸರಿ ಇದೆ' ಅನ್ನುವ ತರ್ಕ ಬೀಳುವುದು ಇಲ್ಲಿಯೇ.

ಇನ್ನೊಂದು ಸುಳಿವೂ ಇತ್ತು, ಯಾರೂ ಗಮನಿಸಿರಲಿಲ್ಲ. ನಾಲ್ಕೈದು ಸಲ ಸೆಲ್ಫ್ ಕೊಟ್ಟ ಮೇಲೆ ಚೋಕ್ ಕೇಬಲ್ ಬಿಸಿಯಾಗುತ್ತಿತ್ತು! ಮುಖ್ಯ ದಾರಿ ಕಟ್ಟಿದಾಗ ಕರೆಂಟು ಎಂಜಿನ್ನಿಗೂ ಬಾಡಿಗೂ ಸೇರಿಕೊಂಡಿರುವ ಆ ತೆಳುವಾದ ಉಕ್ಕಿನ ತಂತಿಯಲ್ಲಿ ನುಗ್ಗುತ್ತಿತ್ತು.

ಕೊನೆಗೆ ಒಂದು ದಪ್ಪ ಜಂಪರ್ ಕೇಬಲಿನಿಂದ ಎಂಜಿನ್ನನ್ನೂ ಬ್ಯಾಟರಿಯ ಋಣ ತುದಿಯನ್ನೂ ನೇರ ಜೋಡಿಸಿದರು. ಸೆಲ್ಫ್ ಭರ್ರನೆ ತಿರುಗಿತು. ಕೇಬಲ್ ತೆಗೆದರೆ ಮತ್ತೆ ನರಳಾಟ. ಹಾಕಿದರೆ ಸರಿ, ತೆಗೆದರೆ ಕೆಡುತ್ತದೆ: ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಪಟ್ಟಿ ಬಿಚ್ಚಿ, ಎರಡೂ ಕಡೆ ಸ್ಯಾಂಡ್‌ಪೇಪರ್ ಹಚ್ಚಿ ಉಜ್ಜಿ ಬಿಗಿದರು. ಆ ಎರಡು ಬ್ಯಾಟರಿಗಳ ದುಡ್ಡು ಮಾತ್ರ ವಾಪಸ್ ಬರಲಿಲ್ಲ. ಹೊಸ ಬ್ಯಾಟರಿ ಕೆಲವು ದಿನ ನಡೆದದ್ದೂ ದಾರಿ ತಪ್ಪಿಸಿತ್ತು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಹೇಗೋ ಹೆಣಗಿ ಎಂಜಿನ್ ತಿರುಗಿಸುತ್ತಿತ್ತು. ತುಕ್ಕು ಬೆಳೆದಂತೆ ಅದೂ ಸೋತಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಬೇಸಿಗೆಯಲ್ಲಿ ಅಜ್ಜ ನರಸೋಬಾವಾಡಿಗೆ ಹೊರಟಾಗ ಶಿರೋಳ ದಾಟಿದ ಮೇಲೆ ಗಾಡಿ ಥಟ್ಟನೆ ನಿಂತಿತು. ಬಿಸಿಲಿಗೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದೆ ಅಂದರು ಜನ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅರ್ಧ ಗಂಟೆ ಕಾದರು, ಸ್ಟಾರ್ಟ್ ಆಯಿತು. ಹಾಗಾದರೆ ಆವಿಯೇ ಕಾರಣ ಅಂತ ಸಾಬೀತಾಯಿತಾ? ಸ್ವಲ್ಪ ನಿಂತು ಯೋಚಿಸಿ. ಆ ಅರ್ಧ ಗಂಟೆಯಲ್ಲಿ ತಣ್ಣಗಾದದ್ದು ಪಂಪ್ ಒಂದೇ ಅಲ್ಲ, ಎಂಜಿನ್ನಿನ ಮೇಲಿರುವ ಎಲ್ಲವೂ ತಣ್ಣಗಾಯಿತು. ಎರಡು ಕಾರಣಗಳಿಗೂ ಒಂದೇ ಉತ್ತರ ಕೊಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಮುಂದಿನ ಸಲ ನಿಂತಾಗ ಮಿಸ್ತ್ರಿ ಜೊತೆಗಿದ್ದರು. ಬಿಸಿ ಇರುವಾಗಲೇ ಪ್ಲಗ್ಗಿನ ಕಿಡಿ ನೋಡಿದರು. ನೀಲಿ ಬದಲು ಹಳದಿ, ಬಡಕಲು ಕಿಡಿ. ಈ ಕಿಡಿ ಬರುವ ಬಗೆ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್‌ಕಾಂತೀಯ ಪ್ರೇರಣೆಯೇ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ತೆರೆದಾಗ ಕಾಯಿಲ್‌ನ ಕರೆಂಟು ಕಡಿದು, ಕಾಂತಕ್ಷೇತ್ರ ಕುಸಿದು, ಸಾವಿರಾರು ವೋಲ್ಟ್ ಹುಟ್ಟುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ! ಆದರೆ ಕರೆಂಟು ಥಟ್ಟನೆ ಕಡಿಯಬೇಕು. ಪಾಯಿಂಟ್ ತೆರೆಯುವಾಗ ನಡುವೆ ಕಿಡಿ ಹಾರಿ ಕರೆಂಟು ಎಳೆದಾಡದಂತೆ ನೋಡುವುದು ಪಕ್ಕದ ಪುಟ್ಟ ಕಂಡೆನ್ಸರ್. ಅದು ಬಿಸಿಗೆ ಕೈಕೊಡುತ್ತಿತ್ತು. ಬೇರೆ ಕಂಡೆನ್ಸರ್ ಜೋಡಿಸಿದರು, ಕಿಡಿ ನೀಲಿಯಾಯಿತು. ಹಳೆಯದನ್ನೇ ಮತ್ತೆ ಹಾಕಿ ನೋಡಿದರು, ಮತ್ತೆ ಹಳದಿ. ಹಳೆಯದನ್ನು ವಾಪಸ್ ಹಾಕಿ ನೋಡುವ ತಾಳ್ಮೆ ಎಷ್ಟು ಜನಕ್ಕಿರುತ್ತದೆ ಹೇಳಿ. (ಕಿಡಿಯ ಪರೀಕ್ಷೆಗೆ ನೀವು ಮಾತ್ರ ಕೈ ಹಾಕಬೇಡಿ. ಹತ್ತಿರದಲ್ಲಿ ಪೆಟ್ರೋಲ್ ಇರುತ್ತದೆ, ವೋಲ್ಟೇಜೂ ಭಾರಿ.)

ಕಿಡಿಯೂ ಪೆಟ್ರೋಲೂ ಸರಿ ಇದ್ದು ಎಂಜಿನ್ನಿಗೆ ಬಲವಿಲ್ಲದಿದ್ದರೆ ಸಿಲಿಂಡರಿನ ಒತ್ತಡ ಅಳೆಯುತ್ತಾರೆ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಎಣ್ಣೆ ಆ ಸಂದು ಮುಚ್ಚಿತು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಎಂಜಿನ್ ಬಿಚ್ಚದೆಯೇ ಇಷ್ಟು ತಿಳಿಯಿತಲ್ಲ!

ಅರ್ಥಿಂಗ್ ಪಟ್ಟಿಯ ಪ್ರಯೋಗ ನಿಮ್ಮ ತರಗತಿಯಲ್ಲೇ ಆಗುತ್ತದೆ. ಎರಡು ಟಾರ್ಚ್ ಸೆಲ್, ಒಂದು ಎಲ್‌ಇಡಿ, ಹಳೇ ಆಟಿಕೆಯ ಮೋಟರ್, ಎರಡೂ ತುದಿ ಕೆತ್ತಿದ ಪೆನ್ಸಿಲ್ ಬೇಕು. ಪೆನ್ಸಿಲ್ ಸೀಸದ ಮೂಲಕ ಕರೆಂಟು ಹರಿಸಿದರೆ ಎಲ್‌ಇಡಿ ಉರಿಯುತ್ತದೆ. ಅದರ ಜಾಗದಲ್ಲಿ ಮೋಟರ್ ಹಾಕಿ ನೋಡಿ, ತಿರುಗಲು ಹೆಣಗುತ್ತದೆ. ಈಗ ಪೆನ್ಸಿಲನ್ನು ಉದ್ದಕ್ಕೆ ಸೀಳಿ, ವೈರಿನ ತುದಿಯನ್ನು ಸೀಸದ ಮೇಲೆ ನಿಧಾನವಾಗಿ ಇನ್ನೊಂದು ತುದಿಯ ಕಡೆ ಜಾರಿಸುತ್ತ ಬನ್ನಿ. ಎಷ್ಟು ಸೆಂಟಿಮೀಟರ್ ಉಳಿದಾಗ ಮೋಟರ್ ತಿರುಗತೊಡಗಿತು ಅಂತ ಗೀಟುಪಟ್ಟಿಯಿಂದ ಅಳೆದು ಬರೆದಿಡಿ. ಮುಂದಿನ ವಿಜ್ಞಾನದ ತಾಸಿಗೆ ಅದನ್ನು ತನ್ನಿ, ನಿಮ್ಮ ನಿಮ್ಮ ಅಂಕಿಗಳು ಬೇರೆ ಬೇರೆ ಯಾಕೆ ಬಂದವು ಅಂತ ಅಲ್ಲಿ ನೋಡೋಣ.