ಹೆಜ್ಜಾರ್ಲೆಯ ಎದೆಯಲ್ಲಿ ರಕ್ತವಿದೆಯೇ?

ನಮ್ಮ ಹಳೆಯ ದೇವಾಲಯಗಳಲ್ಲಿ ಪರಮಪ್ರಸಾದದ ಪೆಟ್ಟಿಗೆಯ ಬಾಗಿಲನ್ನೋ ಬಲಿಪೀಠದ ಮುಂಭಾಗವನ್ನೋ ಎಂದಾದರೂ ಗಮನಿಸಿದ್ದೀರಾ? ಕೆಲವೆಡೆ ಅಲ್ಲಿ ಒಂದು ಹಕ್ಕಿಯ ಚಿತ್ರವಿರುತ್ತದೆ. ಅದು ಕತ್ತು ಬಾಗಿಸಿ ಕೊಕ್ಕಿನಿಂದ ತನ್ನ ಎದೆಯನ್ನೇ ಸೀಳಿಕೊಳ್ಳುತ್ತಿರುತ್ತದೆ. ಮರಿಗಳು ಬಾಯ್ತೆರೆದು ಆ ರಕ್ತವನ್ನು ಕುಡಿಯುತ್ತಿರುತ್ತವೆ. ಅದೇ ಪೆಲಿಕನ್, ನಮ್ಮ ಕನ್ನಡದ ಹೆಜ್ಜಾರ್ಲೆ. ತನ್ನ ರಕ್ತವನ್ನೇ ಕೊಟ್ಟು ನಮ್ಮನ್ನು ಪೋಷಿಸುವ ಪ್ರಭು ಯೇಸುವಿನ ಗುರುತು ಅದು. ಅಕ್ವಿನಾದ ಸಂತ ತೋಮಸರದೆನ್ನುವ 'ಆದೋರೊ ತೆ ದೆವೋತೆ' ಗೀತೆಯಲ್ಲಿ ಯೇಸುವನ್ನು ಈ ಹಕ್ಕಿಯ ಹೆಸರಿನಿಂದಲೇ ಕರೆಯಲಾಗಿದೆ. ನಾನೂ ಪ್ರಬೋಧನೆಗಳಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಜೀವಂತ ಹೆಜ್ಜಾರ್ಲೆಯನ್ನು ಮಾತ್ರ ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ.

ಫೆಬ್ರವರಿಯ ಒಂದು ಶನಿವಾರ ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳೂ ಜ್ಞಾನೋಪದೇಶದ ಮಕ್ಕಳೂ ಸೇರಿ ಬಸ್ಸು ಮಾಡಿಕೊಂಡು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಪ್ರವಾಸವೆಂದರೆ ನಮ್ಮಲ್ಲಿ ಅಂತ್ಯಾಕ್ಷರಿ, ಮೈಕು, ಪುಳಿಯೋಗರೆ. ಈ ಬಾರಿ ಪುಳಿಯೋಗರೆಗೆ ಮಾತ್ರ ಅನುಮತಿ ಕೊಟ್ಟೆ. ಕೆಲವರು ಮುಖ ಸಣ್ಣಗೆ ಮಾಡಿಕೊಂಡರು.

ಕಾರಣವಿತ್ತು. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸುಸ್ವಾಮಿ ಪಕ್ಷಿಗಳನ್ನು ನೋಡಲು ಹೇಳುತ್ತಾರಲ್ಲ, ಅಲ್ಲಿ ಸಂತ ಮತ್ತಾಯರು ಬಳಸಿದ ಗ್ರೀಕ್ ಪದಕ್ಕೆ ದೃಷ್ಟಿ ನೆಟ್ಟು ನೋಡುವುದು ಎಂಬ ಅರ್ಥವಿದೆ. ಸಂತ ಲೂಕರ ಪದವಂತೂ ಮನಸ್ಸಿಟ್ಟು ಅರಿತುಕೊಳ್ಳುವುದು ಎಂಬರ್ಥದ್ದು. ಲೂಕರು ಅಲ್ಲಿ ಹೆಸರಿಸುವುದೂ ಕಾಗೆಯ ಜಾತಿಯ ಹಕ್ಕಿಯನ್ನು. ಯಾಜಕಕಾಂಡದ ಪ್ರಕಾರ ಅದು ಅಶುದ್ಧ. ಚಿಂತೆ ಮಾಡಬೇಡಿ ಎಂಬ ಮಾತನ್ನು ನಾವೆಲ್ಲರೂ ನೆನಪಿಟ್ಟುಕೊಂಡಿದ್ದೇವೆ. ನೋಡಿ ಎಂಬ ಮಾತನ್ನು ಎಷ್ಟು ಮಂದಿ ಪಾಲಿಸಿದ್ದೇವೆ?

ಮೊದಲು ಹಾದಿಯಲ್ಲಿ ಒಂದು ಕೆರೆಯ ಏರಿಯ ಮೇಲೆ ಇಳಿದೆವು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಕಂಡವು. ಆಚೆ ದಡದ ಬಳಿ ಹೆಜ್ಜಾರ್ಲೆಗಳು ತೇಲುತ್ತಿದ್ದವು. ಕೊಕ್ಕಿನಡಿಯ ಚೀಲವನ್ನು ಬಲೆಯಂತೆ ನೀರಿಗಿಳಿಸಿ ಮೀನನ್ನು ಎತ್ತಿಕೊಳ್ಳುತ್ತವೆ. ನೀರು ಸೋರಿಹೋಗುವವರೆಗೆ ತಾಳ್ಮೆಯಿಂದಿದ್ದು ಆಮೇಲೆ ನುಂಗುತ್ತವೆ. ಒಂದೇ ಹಕ್ಕಿಯನ್ನು ಹತ್ತು ನಿಮಿಷ ಮಾತಾಡದೆ ನೋಡಬೇಕೆಂದು ಎಲ್ಲರಿಗೂ ಹೇಳಿದ್ದೆ. ಮಕ್ಕಳು ನೋಡಿದರು. ಮೂರನೆಯ ನಿಮಿಷಕ್ಕೇ ಗಡಿಯಾರ ನೋಡಿದವರು ದೊಡ್ಡವರು. ಅವರಲ್ಲಿ ನಾನೂ ಒಬ್ಬ.

ಊರೊಳಗೆ ಹೋದಾಗ ಬೆರಗಾಯಿತು. ಹಕ್ಕಿಗಳಿಗೆ ಅಲ್ಲಿ ಬೇಲಿಯಿಲ್ಲ, ಬೇರೆ ಕಾಡೂ ಇಲ್ಲ. ಮನೆಯಂಗಳದ ಹುಣಸೆಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿವೆ. ಕೆಳಗೆ ಎಮ್ಮೆ, ಸೈಕಲ್ಲು, ಬಟ್ಟೆ ಒಣಹಾಕಿದ ಹಗ್ಗ. ಒಂದು ಗೂಡಿನಲ್ಲಿ ಮರಿಯೊಂದು ತಾಯಿಯ ಬಾಯೊಳಗೆ ತನ್ನ ತಲೆಯನ್ನೂ ಕತ್ತನ್ನೂ ಪೂರ್ತಿ ತೂರಿಸಿ, ಅರ್ಧ ಜೀರ್ಣವಾದ ಮೀನನ್ನು ಗಂಟಲಿನಿಂದಲೇ ಕಿತ್ತು ತಿನ್ನುತ್ತಿತ್ತು. ಅಷ್ಟರಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ದುರ್ಬೀನು ಕೆಳಗಿಳಿಸಿ ಕೇಳಿದಳು: "ಫಾದರ್, ರಕ್ತ ಎಲ್ಲಿ? ನಮ್ಮ ಗುಡಿಯ ಚಿತ್ರ ಸುಳ್ಳಾ?"

ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಮಕ್ಕಳ ಮುಂದೆ ವಿಶ್ವಾಸವನ್ನು ಕಾಪಾಡಲು ಸುಳ್ಳನ್ನು ಆಸರೆ ಮಾಡಿಕೊಂಡರೆ, ಅವರು ದೊಡ್ಡವರಾದ ಮೇಲೆ ಎರಡನ್ನೂ ಒಟ್ಟಿಗೇ ಎಸೆದುಬಿಡುತ್ತಾರೆ. ಪಾಲಕರೇ, ಇದು ನಿಮಗೂ ಸೇರಿದ ಮಾತು. ಆದ್ದರಿಂದ ಇದ್ದದ್ದನ್ನೇ ಹೇಳಿದೆ. ಹೆಜ್ಜಾರ್ಲೆ ಎದೆ ಸೀಳಿಕೊಳ್ಳುವುದಿಲ್ಲ. ಅದು 'ಫಿಸಿಯೊಲೊಗಸ್' ಎಂಬ ಪುರಾತನ ಗ್ರಂಥದಿಂದ ಹರಡಿದ ಕಥೆ. ಸಂತ ಅಗಸ್ಟೀನರು 102ನೆಯ ಕೀರ್ತನೆಯ ವ್ಯಾಖ್ಯಾನದಲ್ಲಿ ಈ ಕಥೆಯನ್ನು ಎತ್ತಿಕೊಂಡಾಗ, ಇದು ನಿಜವಿರಬಹುದು, ಇಲ್ಲದಿರಲೂಬಹುದು ಎಂದು ಎಚ್ಚರಿಸಿಯೇ ಮುಂದುವರಿಯುತ್ತಾರೆ. ಅಷ್ಟು ಎಚ್ಚರ ನನ್ನ ಪ್ರಬೋಧನೆಗಳಲ್ಲಿ ಇರಲಿಲ್ಲ. ಗುರುತು ಸೂಚಿಸುವ ಸತ್ಯ ಕ್ರಿಸ್ತರದು, ಅದು ಹಕ್ಕಿಯ ರಕ್ತದ ಮೇಲೆ ನಿಂತಿಲ್ಲ ಎಂದೂ ಹೇಳಿದೆ. ಹುಡುಗಿ ತಲೆಯಾಡಿಸಿದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಅವಳಿಗೆ ನನಗಿಂತ ಚೆನ್ನಾಗಿ ಪಾಠ ಹೇಳಿದವರು ಆ ಮರದ ಮನೆಯ ಅಜ್ಜಿ. ಅಂಗಳ ಗುಡಿಸುತ್ತಿದ್ದರು. ಹಿಕ್ಕೆ ಬೀಳುವ ಮರದ ಕೆಳಗೆ ದಿನವೂ ಗುಡಿಸಬೇಕು, ನಾತವೂ ಉಂಟು. ಗೂಡಿರುವ ಕಾಲದಲ್ಲಿ ಹುಣಸೆ ಬಡಿಯುವಂತಿಲ್ಲ, ಕೊಂಬೆ ಕಡಿಯುವಂತಿಲ್ಲ. ಹಿಕ್ಕೆ ಗೊಬ್ಬರವಾಗುತ್ತದೆ, ಅರಣ್ಯ ಇಲಾಖೆಯೂ ಗೂಡಿನ ಮರಗಳ ಒಡೆಯರಿಗೆ ಒಂದಿಷ್ಟು ಪರಿಹಾರದ ಏರ್ಪಾಟು ಮಾಡಿದೆ, ನಿಜ. ಆದರೂ ಮರವೆಂದರೆ ಬಡವರ ಮನೆಯ ಆದಾಯ. ಏಕೆ ಸಹಿಸಿಕೊಂಡಿದ್ದೀರಿ ಎಂದು ನಮ್ಮವರೊಬ್ಬರು ಕೇಳಿದಾಗ ಅಜ್ಜಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. ಹೆರಿಗೆಗೆ ತವರಿಗೆ ಬಂದ ಮಗಳನ್ನು ಹೊರಗೆ ಹಾಕುತ್ತಾರೆಯೇ ಎಂದರು. ಊರವರೆಲ್ಲರೂ ಆಡುವ ಮಾತು ಇದು. ಹಿಂದೆ ಪ್ಲೇಗು ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಲು ಊರಿನಲ್ಲೇ 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅದಕ್ಕೆ ಎಷ್ಟೋ ಮೊದಲೇ ಊರು ಆ ಕೆಲಸ ಮಾಡುತ್ತಿತ್ತು.

ಅಜ್ಜಿ ಇನ್ನೊಂದನ್ನೂ ಹೇಳಿದರು. 2017ರ ಕೊನೆಯಿಂದ ಕೆಲವು ತಿಂಗಳು ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಮರದಿಂದ ಬಿದ್ದು ಸತ್ತವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು. ಅಂಥ ಹುಳುಗಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ, ಮೀನು ಕೆರೆಯದು. ಕೆರೆಗೆ ಏನು ಹರಿದು ಬರುತ್ತದೆ ಎಂಬುದು ನಿಮ್ಮ ನಮ್ಮ ಮನೆಗಳ ಸಂಗತಿ. ನಮ್ಮಿಂದಾಗಿ ಅಳಿದುಹೋಗುವ ಜೀವಿಗಳು ಇನ್ನು ದೇವರನ್ನು ಮಹಿಮೆಪಡಿಸಲಾರವು ಎಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ಪರಿಪತ್ರದಲ್ಲಿ ಮರುಗಿದ್ದಾರೆ. ನಾನು ಅದನ್ನು ಓದಿ ಬಹಳ ವರ್ಷವಾಗಿತ್ತು. ಊಟದ ನಂತರ ನಮ್ಮ ಬಸ್ಸಿನ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಲೋಟಗಳನ್ನು ಯಾರೂ ಹೇಳದೆಯೇ ಮಕ್ಕಳು ಆರಿಸಿದರು.

ನೀವೂ ಹೋಗುವುದಾದರೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹೋಗಿ. ಬೆಳಗ್ಗೆ ಬೇಗನೆ ಹೊರಡಿ, ಗಾಢ ಬಣ್ಣದ ಬಟ್ಟೆ ಬೇಡ, ಮರದ ಬುಡದಲ್ಲಿ ನಿಂತು ಕೂಗಬೇಡಿ. ಊರವರ ಅಂಗಳಕ್ಕೆ ಕಾಲಿಡುವ ಮುನ್ನ ಕೇಳಿ.

ಮುಂದಿನ ಭಾನುವಾರ ಜ್ಞಾನೋಪದೇಶದ ತರಗತಿಯಲ್ಲಿ ಆ ಹುಡುಗಿ ಒಂದು ಚಿತ್ರ ಬರೆದುಕೊಟ್ಟಳು. ಹುಣಸೆಮರ, ಗೂಡಿನಲ್ಲಿ ತಾಯಿಯ ಗಂಟಲೊಳಗೆ ತಲೆ ತೂರಿಸಿದ ಮರಿ, ಮರದ ಕೆಳಗೆ ಪೊರಕೆ ಹಿಡಿದ ಅಜ್ಜಿ. ರಕ್ತದ ಕೆಂಪು ಎಲ್ಲೂ ಇಲ್ಲ. ಅದನ್ನು ಪೂಜಾವಸ್ತ್ರಗಳ ಕೋಣೆಯಲ್ಲಿ ಅಂಟಿಸಿದ್ದೇನೆ. ಬಲಿಪೂಜೆಗೆ ಹೊರಡುವಾಗ ಮೊದಲು ಅದು ಕಾಣುತ್ತದೆ, ಆಮೇಲೆ ಪೆಟ್ಟಿಗೆಯ ಬಾಗಿಲು.